ಮುದ್ದಮ್ಮನ ಹನ್ನೊಂದು ಪುಟ

ನಾಗಶ್ರೀಗೆ ನಗು ಹತ್ತಿತೆಂದರೆ ಬಿಕ್ಕಳಿಕೆ ಬರುವವರೆಗೆ ನಿಲ್ಲುವುದಿಲ್ಲ. ಇದು ಅತ್ತಿಕೊಪ್ಪಲಿಗೆಲ್ಲ ಗೊತ್ತಿರುವ ವಿಷಯ. ಸ್ಕೂಲಿನಲ್ಲಿ ಪ್ರಾರ್ಥನೆಯ ನಡುವೆ ನಕ್ಕು ಬಿಸಿಲಲ್ಲಿ ನಿಂತಿದ್ದಳು. ಸೋದರಮಾವನ ತಿಥಿಯಲ್ಲಿ ನಕ್ಕು ಅತ್ತೆಯಿಂದ ಬೈಸಿಕೊಂಡಿದ್ದಳು. ಮಳವಳ್ಳಿ ಕಡೆಯಿಂದ ಅವಳನ್ನು ನೋಡಲು ಬಂದ ಗಂಡು ಗಂಟಲು ಸರಿಮಾಡಿಕೊಂಡು, ‘ತಮ್ಮ ಹವ್ಯಾಸಗಳೇನು’ ಎಂದು ಭಾಷಣದ ಧಾಟಿಯಲ್ಲಿ ಕೇಳಿದಾಗ ನಕ್ಕು, ಬಂದ ಸಂಬಂಧವನ್ನೇ ಬಾಗಿಲಾಚೆ ದಾಟಿಸಿದ್ದಳು. ಆ ಗಂಡು ಹೋದದ್ದಕ್ಕೆ ಮನೆಯಲ್ಲಿ ಯಾರೂ ಅಳಲಿಲ್ಲ ಬಿಡಿ. ಇಂಥ ಹುಡುಗಿ ಒಂದು ಸಂಜೆ ಹಾಲಿನ ಡೇರಿಯ ಕಂಪ್ಯೂಟರಿನ ಮುಂದೆ ತುಟಿ ಬಿಗಿದುಕೊಂಡು ಕೂತಿದ್ದಳೆಂದರೆ ಏನೋ ಆಗಿರಲೇಬೇಕು.

ಕೊತ್ತತ್ತಿ ದಾಟಿ ನಾಲೆ ಏರಿ ಹಿಡಿದು ಹೋದರೆ ಅತ್ತಿಕೊಪ್ಪಲು. ಅಲ್ಲಿಂದ ನಾಗಶ್ರೀ ದಿನಾ ಬೆಳಿಗ್ಗೆ ಬಸ್ಸು ಹತ್ತಿ ಮಂಡ್ಯದ ‘ಶೋಭಿತಾ ಗ್ರಾಫಿಕ್ಸ್’ ಎಂಬ ಅಂಗಡಿಗೆ ಕೆಲಸಕ್ಕೆ ಹೋಗುತ್ತಾಳೆ. ಮಾಲೀಕ ರಘುನಂದನ್, ಶೋಭಿತಾ ಅವನ ಮಗಳು, ಇನ್ನೂ ಎರಡನೇ ಕ್ಲಾಸು. ಮದುವೆ ಕಾರ್ಡು, ನಾಮಕರಣದ ಕಾರ್ಡು, ಹುಟ್ಟುಹಬ್ಬದ ಫ್ಲೆಕ್ಸು, ಈಗೀಗ ಮದ್ದೂರಿನ ಕಲ್ಯಾಣಮಂಟಪಗಳಿಗೂ ಮಳವಳ್ಳಿಯ ಟ್ಯೂಷನ್ನಿನವರಿಗೂ ವೆಬ್‌ಸೈಟು. ಏಳು ವರ್ಷ ಫ್ಲೆಕ್ಸು ಮಾಡಿ ಮಾಡಿ ನಾಗಶ್ರೀಗೆ ಒಂದು ಶಾಸ್ತ್ರವೇ ಕರಗತವಾಗಿತ್ತು. ಯಾರ ಮುಖ ಹಲಸಿನಹಣ್ಣಿನಷ್ಟಿರಬೇಕು, ಯಾರದು ತೆಂಗಿನಕಾಯಿಯಷ್ಟು, ಕೆಳಗಿನ ಸಾಲಿನಲ್ಲಿ ಯಾರು ಯಾರು ನಿಂಬೆಹಣ್ಣುಗಳು ಎಂಬುದನ್ನು ಅವಳು ಹೆಸರು ಕೇಳಿಯೇ ಹೇಳಬಲ್ಲಳು. ಲೆಕ್ಕ ತಪ್ಪಿದರೆ ಸಂಜೆಯೊಳಗೆ ಫ್ಲೆಕ್ಸೂ ಹರಿಯುತ್ತದೆ, ಸ್ನೇಹವೂ ಹರಿಯುತ್ತದೆ.

ಊರಿನ ಮಹಿಳಾ ಹಾಲು ಸಂಘಕ್ಕೆ ವೆಬ್‌ಸೈಟು ಬೇಕೆನಿಸಿದ್ದಕ್ಕೆ ಕಾರಣ ಪಕ್ಕದ ಊರಿನ ಸಂಘಕ್ಕೆ ಒಂದಿದ್ದದ್ದು. ಬೇರೆ ಕಾರಣ ಹುಡುಕಬೇಡಿ. ಮಾಡಿಕೊಡುವ ಕೆಲಸ ನಾಗಶ್ರೀಯ ಪಾಲಿಗೆ ಬಿತ್ತು. ಅಧ್ಯಕ್ಷೆ ಚಿಕ್ಕಬೋರಮ್ಮ ಎರಡು ಸಲ ಗೆದ್ದವಳು, ಊರಿನ ದೊಡ್ಡ ಮನೆಯ ಹಿರಿಸೊಸೆ, ಮಾತಾಡಿದರೆ ನಾಲೆಯಾಚೆಗೂ ಕೇಳುವ ಗಂಟಲು. ನಿರ್ದೇಶಕಿಯರು ಅವಳೂ ಸೇರಿ ಒಂಬತ್ತು ಜನ. ಒಂಬತ್ತನೆಯವಳು ಮುದ್ದಮ್ಮ, ನಾಗಶ್ರೀಯ ಅವ್ವ. ಮೀಸಲು ಸ್ಥಾನದಿಂದ ಈ ಸಲ ಗೆದ್ದಿದ್ದಳು. ಅವರ ಕೇರಿಯಿಂದ ಆ ಸಂಘಕ್ಕೆ ಹೋದ ಮೊದಲ ಹೆಂಗಸು. ಗೆದ್ದ ದಿನ ಗಂಡ ಕೆಂಪಸಿದ್ದಯ್ಯ ವಿ.ಸಿ. ಫಾರಂನ ಕೂಲಿ ಮುಗಿಸಿ ಬರುತ್ತಾ ಒಂದು ಕೆ.ಜಿ. ಜಿಲೇಬಿ ತಂದಿದ್ದ. ಅಷ್ಟೇ ಸಂಭ್ರಮ. ಸಭೆಗೆ ಹೋದರೆ ಮುದ್ದಮ್ಮ ಬಾಗಿಲ ಹತ್ತಿರ ನಿಂತುಕೊಳ್ಳುತ್ತಿದ್ದಳು. ಕುರ್ಚಿ ಇಲ್ಲವೆಂದಲ್ಲ. ಕೂರು ಎಂದು ಯಾರೂ ಹೇಳುತ್ತಿರಲಿಲ್ಲ, ಇವಳೂ ಕೂರುತ್ತಿರಲಿಲ್ಲ.

ಆ ಸಂಜೆ ಡೇರಿಯ ಕಂಪ್ಯೂಟರಿನಲ್ಲಿ ವೆಬ್‌ಸೈಟನ್ನು ಮೊದಲ ಸಲ ತೆರೆದಾಗ ಒಂಬತ್ತೂ ಜನ ಹಿಂದೆ ನಿಂತು ಇಣುಕಿದರು. ಅತ್ತಿಕೊಪ್ಪಲಿನ ನೆಟ್‌ವರ್ಕು ಗೊತ್ತಲ್ಲ, ಬಂದರೆ ಬಂತು. ಮೊದಲು ಪರದೆಯ ಮೇಲೆ ಚಿಕ್ಕಬೋರಮ್ಮನ ಮುಖ ಮೂಡಿತು. ಆಮೇಲೆ ಉಪಾಧ್ಯಕ್ಷೆ ಬೆಳ್ಳಮ್ಮ, ಆಮೇಲೆ ಸಣ್ಣತಾಯಮ್ಮ, ಸೋಮಮ್ಮ, ಹೀಗೆ ಒಬ್ಬೊಬ್ಬರಾಗಿ ಎಂಟು ಜನ ಬಂದರು. ಒಂಬತ್ತನೆಯ ಚೌಕ ಖಾಲಿಯೇ ಉಳಿಯಿತು. ಕಾದರು. ಕೊನೆಗೆ ಅದರ ಮೂಲೆಯಲ್ಲಿ ಹರಿದ ಕಾಗದದಂಥ ಒಂದು ಸಣ್ಣ ಗುರುತು ಬಂದು ಕೂತಿತು. ಮತ್ತೆ ತೆರೆದರೆ ಮತ್ತೆ ಅದೇ.

ಮುದ್ದಮ್ಮ ನಕ್ಕಳು. “ಬುಡವ್ವ. ಈ ಮಿಸಿನ್ಗೂ ಊರ ರಿವಾಜು ಗೊತ್ತಾಗೈತೆ.”

ಅವಳು ನಗಲು ಕಾರಣವಿತ್ತು. ಸಂಘದವರೆಲ್ಲ ಮುತ್ತತ್ತಿಗೆ ಹೋಗಿ ಹೊಳೆ ದಡದಲ್ಲಿ ತೆಗೆಸಿಕೊಂಡ ಫೋಟೋದಲ್ಲಿ ಮುದ್ದಮ್ಮನ ಜಾಗದಲ್ಲಿ ಫೋಟೋ ತೆಗೆದವನ ಹೆಬ್ಬೆರಳಿತ್ತು. ವಾರ್ಷಿಕ ವರದಿಯ ಮುಖಪುಟದಲ್ಲಿ ಅವಳ ಮೊಣಕೈ ಮಾತ್ರ ಬಂದಿತ್ತು. ಆ ಮೊಣಕೈ ತನ್ನದೆಂದು ಅವಳು ಬಳೆ ನೋಡಿ ಗುರುತು ಹಿಡಿದಿದ್ದಳು. ಕರುಗಳ ಪ್ರದರ್ಶನದ ಫ್ಲೆಕ್ಸಿನಲ್ಲಿ ಮುಖ ಪೂರ್ತಿ ಇತ್ತು, ಆದರೆ ಅಂಚು ಮಡಚಿ ಮರದ ಚೌಕಟ್ಟಿಗೆ ಹೊಡೆದಾಗ ಮೊಳೆ ಸರಿಯಾಗಿ ಅವಳ ಹಣೆಗೇ ಬಿದ್ದಿತ್ತು. ಆ ಫ್ಲೆಕ್ಸು ಮಾಡಿದವಳು ನಾಗಶ್ರೀಯೇ. ಅವ್ವನನ್ನು ಅಂಚಿಗೆ ಕೂರಿಸಿದ್ದೂ ಅವಳೇ, ಶಾಸ್ತ್ರದ ಪ್ರಕಾರ. ಅಂದು ಅವಳೂ ನಕ್ಕಿದ್ದಳು. ಇಂದು ಆ ಖಾಲಿ ಚೌಕ ನೋಡುತ್ತಾ ಅವಳಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಹದಿನೆಂಟು ದಿನಕ್ಕೆ ಸಂಘದ ವಾರ್ಷಿಕ ಮಹಾಸಭೆ, ಅಲ್ಲಿ ಇಡೀ ಊರಿನ ಮುಂದೆ ವೆಬ್‌ಸೈಟಿನ ಉದ್ಘಾಟನೆ. ಆ ದಿನ ಅವ್ವನ ಮುಖ ಬರಲೇಬೇಕು, ಬರದಿದ್ದರೆ ನಾನು ಈ ಕೆಲಸ ಕಲಿತಿದ್ದೇ ದಂಡ ಎಂದುಕೊಂಡಳು.

ಮಾರನೆಯ ದಿನ ಬಸ್ಸಿನಲ್ಲಿ ಕೂತು ಫೋನಿನಲ್ಲಿ ಹುಡುಕುತ್ತಾ ಹೋದವಳಿಗೆ ಒಂದು ಉಪಾಯ ಸಿಕ್ಕಿತು. ಪ್ರತಿ ವೆಬ್‌ಸೈಟಿಗೂ ಒಂದು ಅಲಂಕಾರದ ಪಟ್ಟಿ ಇರುತ್ತದೆ. ಯಾವ ಬಣ್ಣ, ಎಷ್ಟು ಅಗಲ, ಏನು ಎಲ್ಲಿ ಕೂರಬೇಕು ಎಂದೆಲ್ಲ ಅದರಲ್ಲಿ ಬರೆದಿರುತ್ತದೆ; ಸ್ಟೈಲ್‌ಶೀಟು ಎನ್ನುತ್ತಾರೆ. ಫೋಟೋಗಳು ಬೇರೆ ಬೇರೆ ಫೈಲುಗಳಾಗಿ ಹೊರಗಿರುತ್ತವೆ, ಒಂದೊಂದನ್ನೂ ಬೇರೆ ಬೇರೆಯಾಗಿ ಕರೆಯಬೇಕು. ಆದರೆ ಫೋಟೋವನ್ನೇ ಉದ್ದನೆಯ ಅಕ್ಷರಗಳ ಸಾಲಾಗಿ ಬದಲಾಯಿಸಿ ಆ ಪಟ್ಟಿಯೊಳಗೇ ಬರೆದುಬಿಡಬಹುದು. ಆಗ ಹೊರಗಿನಿಂದ ಕರೆಯುವ ಮಾತೇ ಇಲ್ಲ. ಪಟ್ಟಿ ಬಂತೆಂದರೆ ಅದರ ಹೊಟ್ಟೆಯಲ್ಲಿ ಮುಖಗಳೂ ಬಂದವು.

ಅಂಗಡಿಗೆ ಬಂದು ಹೇಳಿದಾಗ ರಘುನಂದನ್ ತಲೆ ಅಲ್ಲಾಡಿಸಿದ. “ಅದು ಸಣ್ಣಪುಟ್ಟ ಚಿತ್ರಕ್ಕೆ ಕಣಮ್ಮ. ಒಂದು ಬಾಣದ ಗುರ್ತು, ಒಂದು ಫೋನಿನ ಗುರ್ತು, ಅಂಥದ್ದಕ್ಕೆ. ಮನುಷ್ಯರ ಮುಖ ತುರುಕಿದ್ರೆ ತೂಕ ಜಾಸ್ತಿ ಆಯ್ತದೆ, ಮೂರು ಇದ್ದದ್ದು ನಾಲ್ಕಾಯ್ತದೆ. ಇನ್ನೊಂದು ತೊಂದ್ರೆ ಐತೆ. ಪಟ್ಟಿ ಪೂರ್ತಿ ಬರೋ ಗಂಟ ಪೇಜಲ್ಲಿ ಏನೂ ಕಾಣಲ್ಲ. ಬರೀ ಬಿಳಿ.”

“ಯಾರೂ ಕಾಣಲ್ವಾ ಸಾರ್?”

“ಯಾರೂ ಇಲ್ಲ.”

“ಅಧ್ಯಕ್ಷರೂ?”

“ಅಧ್ಯಕ್ಷರೂ ಇಲ್ಲ. ಬಂದ್ರೆ ಎಲ್ಲಾ ಒಟ್ಟಿಗೇ ಬರ್ಬೇಕು.”

“ಆ ತೊಂದ್ರೇನೇ ಬೇಕು ಸಾರ್,” ಎಂದಳು ನಾಗಶ್ರೀ. ಅವಳಿಗೆ ನಗು ಹತ್ತಿತು. ಆಮೇಲಿನ ಬಿಕ್ಕಳಿಕೆಗೆ ರಘುನಂದನ್ ಎರಡು ಲೋಟ ನೀರು ಕೊಡಬೇಕಾಯಿತು.

ನಾಲ್ಕು ದಿನದಲ್ಲಿ ಒಂಬತ್ತು ಮುಖಗಳೂ ಅಕ್ಷರಗಳಾದವು. ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಸಂಘಕ್ಕೆ ನಯನ ಎಂಬ ಕಾರ್ಯದರ್ಶಿ ಇದ್ದಳು, ನಯನಳಿಗೆ ಒಂದು ಫೈಲು ಇತ್ತು. ಹಿಂಡಿ ಚೀಲ ಬಂದರೂ ಆ ಫೈಲಿಗೆ ಕಾಗದ ಸೇರಬೇಕು, ಹಗ್ಗ ಬಂದರೂ ಸೇರಬೇಕು, ಪ್ರತಿ ಪುಟಕ್ಕೂ ಸೀಲು ಬೀಳಬೇಕು. ಆಡಿಟ್ಟಿಗೆ ಬಂದವರೊಬ್ಬರು ಎಂದೋ ಬೈದಿದ್ದ ಭಯ ಅವಳ ಮೈಯಿಂದ ಇಳಿದಿರಲಿಲ್ಲ. “ಹೊಸದಾಗಿ ಏನ್ ಮಾಡಿದೀಯೋ ಅದನ್ನ ಪ್ರಿಂಟ್ ತೆಗೆದು ಕೊಡು ನಾಗಶ್ರೀ, ಮೀಟಿಂಗಲ್ಲಿ ಇಡ್ತೀನಿ,” ಎಂದಳು. ಹೊಸದಾಗಿ ಮಾಡಿದ್ದು ಸ್ಟೈಲ್‌ಶೀಟು. ನಾಗಶ್ರೀ ಪ್ರಿಂಟು ಕೊಟ್ಟಳು. ಐವತ್ತಮೂರು ಪುಟ ಬಂತು.

ಸಭೆಯ ಮೇಜಿನ ಮೇಲೆ ಆ ಕಟ್ಟು ಬಿಚ್ಚಿದಾಗ ನಿರ್ದೇಶಕಿಯರು ಕನ್ನಡಕ ಹಾಕಿಕೊಂಡರು, ತೆಗೆದರು, ಮತ್ತೆ ಹಾಕಿಕೊಂಡರು. ಪುಟದ ತುಂಬಾ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ. ನಡುವೆ ಒಂದು ಜಾಗ ಬಿಟ್ಟಿಲ್ಲ, ಉಸಿರು ತೆಗೆದುಕೊಳ್ಳಲು ಒಂದು ಚುಕ್ಕಿಯಿಲ್ಲ.

“ಇದ್ರಲ್ಲಿ ನನ್ ಮೂಗ್ಬೊಟ್ಟು ಯಾವ್ದವ್ವ?” ಎಂದಳು ಬೆಳ್ಳಮ್ಮ, ಬೆರಳಿಟ್ಟು ಹುಡುಕುತ್ತಾ.

ನಾಗಶ್ರೀ ಕೆಳತುಟಿ ಕಚ್ಚಿಕೊಂಡಳು. ನಗಬಾರದು ಎಂದು ದೇವರನ್ನು ನೆನೆದಳು. “ಎಲ್ಲೋ ಒಂದು ಕಡೆ ಇರ್ತದೆ ಬೆಳ್ಳಮ್ಮಕ್ಕ. ಮೊದ್ಲು ಒಬ್ಬೊಬ್ರು ಒಂದೊಂದು ಬಸ್ಸಲ್ಲಿ ಬತ್ತಿದ್ರಿ, ಕೊನೇರಿಗೆ ಬಸ್ಸು ತಪ್ಪೋಯ್ತಿತ್ತು. ಈಗ ಬೀಗರೂಟಕ್ಕೆ ಓಗ್ತೀವಲ್ಲ, ಅಂಗೆ ಎಲ್ರೂ ಒಂದೇ ಟ್ಯಾಕ್ಟ್ರು. ಕೊನೇರು ಹತ್ತೋ ಗಂಟ ಟ್ಯಾಕ್ಟ್ರು ಒರಡಕಿಲ್ಲ.”

ಈ ಮಾತು ಎಲ್ಲರಿಗೂ ಅರ್ಥವಾಯಿತು. ಬೀಗರೂಟಕ್ಕೆ ಹೊರಟ ಟ್ರ್ಯಾಕ್ಟರು ಯಾವುದೋ ಅಜ್ಜಿ ಎಲೆಅಡಿಕೆ ಮರೆತು ಬಂದಳೆಂದು ಅರ್ಧ ಗಂಟೆ ಗುಡುಗುಟ್ಟುತ್ತಾ ನಿಂತದ್ದನ್ನು ಯಾರು ತಾನೇ ಕಂಡಿಲ್ಲ? ಚಿಕ್ಕಬೋರಮ್ಮನೂ ತಲೆದೂಗಿದಳು. ಅಷ್ಟರಲ್ಲಿ ಸಣ್ಣತಾಯಮ್ಮ ಒಂದು ಕೆಲಸ ಮಾಡಿದಳು. ಪ್ರತಿ ಫೋಟೋ ಶುರುವಾಗುವಲ್ಲಿ ಅವರವರ ಹೆಸರಿತ್ತು. ಆ ಹೆಸರುಗಳನ್ನು ನಯನಳಿಂದ ಓದಿಸಿ, ಯಾರ ಮುಖಕ್ಕೆ ಎಷ್ಟು ಪುಟ ಎಂದು ಎಣಿಸಿದಳು. ಬೆಳ್ಳಮ್ಮನಿಗೆ ಐದು. ಸೋಮಮ್ಮನಿಗೆ ನಾಲ್ಕು. ಸಣ್ಣತಾಯಮ್ಮನಿಗೆ ಆರು. ಅಧ್ಯಕ್ಷೆ ಚಿಕ್ಕಬೋರಮ್ಮನಿಗೆ ಮೂರು. ಮುದ್ದಮ್ಮನಿಗೆ ಹನ್ನೊಂದು.

ಎಲ್ಲರೂ ಬಾಗಿಲ ಕಡೆ ತಿರುಗಿದರು.

“ಹನ್ನೊಂದಾ?” ಎಂದಳು ಮುದ್ದಮ್ಮ ಬಾಗಿಲಿನಿಂದ, ಮೆಲ್ಲಗೆ.

“ಯಾಕಂಗೆ?” ಎಂದಳು ಚಿಕ್ಕಬೋರಮ್ಮ, ಮೆಲ್ಲಗಲ್ಲ.

ಸೋಮಮ್ಮನಿಗೆ ಇಪ್ಪತ್ತು ವರ್ಷದಿಂದ ಡೇರಿಗೆ ಹಾಲು ಹಾಕಿ, ಅದರಲ್ಲಿ ಲ್ಯಾಕ್ಟೋಮೀಟರು ಮುಳುಗಿಸಿ ಡಿಗ್ರಿ ನೋಡುವುದನ್ನು ಕಂಡ ಅನುಭವ. ಹಾಲು ಗಟ್ಟಿಯಿದ್ದರೆ ಡಿಗ್ರಿ ಏರುತ್ತದೆ, ನೀರಿದ್ದರೆ ಇಳಿಯುತ್ತದೆ. ಅವಳು ಸಹಜವಾಗಿಯೇ ಹೇಳಿದಳು, “ಮುದ್ದಮ್ಮಂದ್ರಲ್ಲಿ ಡಿಗ್ರಿ ಜಾಸ್ತಿ ಐತೆ ಅಂತ ಕಾಣ್ತದೆ.”

“ಅಂಗಾರೆ ನನ್ ಮೊಕದಾಗೆ ನೀರು ಜಾಸ್ತಿ ಅಂತಾನಾ?” ಎಂದಳು ಚಿಕ್ಕಬೋರಮ್ಮ.

ಅಷ್ಟೇ. ನಾಗಶ್ರೀಯ ಕಟ್ಟೆ ಒಡೆಯಿತು. ಮೇಜು ಹಿಡಿದುಕೊಂಡು ನಕ್ಕಳು, ಮೇಜಿನ ಕೆಳಗೆ ಬಗ್ಗಿ ನಕ್ಕಳು, ಸೆರಗಿಲ್ಲದ್ದರಿಂದ ದುಪ್ಪಟ್ಟ ಬಾಯಿಗೆ ತುರುಕಿಕೊಂಡು ನಕ್ಕಳು. ಮೊದಲು ಬೆಳ್ಳಮ್ಮ ಜೊತೆಯಾದಳು, ಆಮೇಲೆ ನಯನ. ಚಿಕ್ಕಬೋರಮ್ಮ ಮಾತ್ರ ನಗಲಿಲ್ಲ. ಬಿಕ್ಕಳಿಸುತ್ತಲೇ ನಾಗಶ್ರೀ ಬಿಡಿಸಿ ಹೇಳಿದಳು. ಚಿಕ್ಕಬೋರಮ್ಮನ ಫೋಟೋ ಸ್ಟುಡಿಯೋದಲ್ಲಿ ತೆಗೆದದ್ದು, ಹಿಂದೆ ಬರೀ ನೀಲಿ ಬಟ್ಟೆ. ನೀಲಿ ಎಂದು ಒಂದು ಸಲ ಹೇಳಿದರೆ ಕಂಪ್ಯೂಟರಿಗೆ ಸಾಕು. ಮುದ್ದಮ್ಮನ ಫೋಟೋ ಅವಳ ಅರ್ಧ ಎಕರೆ ಕಬ್ಬಿನ ಮುಂದೆ ತೆಗೆದದ್ದು. ಅಲ್ಲಿ ಒಂದು ಗರಿಯಂತೆ ಇನ್ನೊಂದಿಲ್ಲ, ಎಲ್ಲವನ್ನೂ ಬಿಡಿಬಿಡಿಯಾಗಿ ಹೇಳಬೇಕು. ಹನ್ನೊಂದು ಪುಟದಲ್ಲಿ ಎಂಟು ಪುಟ ಕಬ್ಬಿನದೇ. ಪುಟ ಎಷ್ಟಿದ್ದರೂ ಮುಖಗಳು ಕಾಣುವುದು ಒಂದೇ ಅಳತೆಯಲ್ಲಿ.

ಕೊನೆಯ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಚಿಕ್ಕಬೋರಮ್ಮ ಎದ್ದು ನಿಂತು ಕೇಳಿದಳು, “ಆ ಕಬ್ಬು ಎಲ್ಲೈತೆ?”

ಹೀಗೆ ಒಂದು ಭಾನುವಾರ ಬೆಳಿಗ್ಗೆ ಅತ್ತಿಕೊಪ್ಪಲು ಎಂದೂ ಕಾಣದ ಮೆರವಣಿಗೆ ಹೊರಟಿತು. ಎಂಟು ಜನ ಹೆಂಗಸರು ರೇಷ್ಮೆ ಸೀರೆ ಉಟ್ಟು, ಕನಕಾಂಬರ ಮುಡಿದು, ನೆರಿಗೆ ಎತ್ತಿ ಹಿಡಿದುಕೊಂಡು ನಾಲೆ ಏರಿಯ ಕೆಸರಿನಲ್ಲಿ ಸಾಲಾಗಿ ನಡೆದರು. ಎದುರಿಗೆ ಸಿಕ್ಕವರು ಯಾರ ಮದುವೆ ಎಂದು ಕೇಳಿದರೆ ಬೆಳ್ಳಮ್ಮ, “ಕಬ್ಬಿಂದು,” ಎನ್ನುತ್ತಿದ್ದಳು. ಚಿಕ್ಕಬೋರಮ್ಮ ಆ ಕೇರಿಯ ಕಡೆಗೆ ಹಿಂದೆ ಬಂದಿದ್ದರೆ ಓಟು ಕೇಳಲು ಬಂದಿದ್ದಳು, ಅದೂ ಬೀದಿ ತುದಿಯವರೆಗೆ. ಈಗ ಮುದ್ದಮ್ಮನ ಮನೆ ಅಂಗಳ ದಾಟಿಯೇ ಗದ್ದೆಗೆ ಹೋಗಬೇಕಿತ್ತು, ಬೇರೆ ದಾರಿ ಇರಲಿಲ್ಲ. ಕೆಂಪಸಿದ್ದಯ್ಯ ಗಡಿಬಿಡಿಯಲ್ಲಿ ಅಂಗಿಯ ಗುಂಡಿಗಳನ್ನು ಒಂದು ಮನೆ ತಪ್ಪಿಸಿ ಹಾಕಿಕೊಂಡು ನಿಂತಿದ್ದ.

ನಾಗಶ್ರೀ ಒಬ್ಬೊಬ್ಬರನ್ನೇ ಕಬ್ಬಿನ ಮುಂದೆ ನಿಲ್ಲಿಸಿದಳು. “ಗರಿ ಇನ್ನೂ ನಾಕು ಬರ್ಲಿ, ನನ್ ಕಡೆ ಗರಿ ಕಮ್ಮಿ ಅವೆ,” ಎಂದು ಸಣ್ಣತಾಯಮ್ಮ ಹಿಂದೆ ಹಿಂದೆ ಸರಿದು ಅರ್ಧ ಕಬ್ಬಿನೊಳಗೇ ಹೋದಳು. ಸೋಮಮ್ಮ ತನ್ನ ಹಸುವನ್ನೂ ಹೊಡೆದುಕೊಂಡು ಬಂದಿದ್ದಳು, ಡಿಗ್ರಿ ಏರಲಿ ಎಂದು. ಹಸು ಫೋಟೋಗೆ ನಿಲ್ಲುವ ಬದಲು ಕಬ್ಬಿಗೇ ಬಾಯಿ ಹಾಕಿತು. ಬಿಸಿಲೇರಿತು. ಮುದ್ದಮ್ಮ ಸ್ಟೀಲ್ ಲೋಟಗಳಲ್ಲಿ ಟೀ ತಂದು ತಟ್ಟೆ ಹಿಡಿದು ನಿಂತಳು, ಮುಂದೆ ಹೋಗಲೋ ಬೇಡವೋ ಎಂಬಂತೆ. ಎಲ್ಲರ ಕಣ್ಣೂ ಚಿಕ್ಕಬೋರಮ್ಮನ ಮೇಲಿತ್ತು. ಚಿಕ್ಕಬೋರಮ್ಮ ಗರಿ ಚುಚ್ಚಿಸಿಕೊಂಡು, ಬೆವರಿ, ಇಪ್ಪತ್ತನೆಯ ಸಲ ಮುಗುಳ್ನಕ್ಕು ಸುಸ್ತಾಗಿದ್ದಳು. ಲೋಟ ತೆಗೆದುಕೊಂಡು ಒಂದೇ ಗುಟುಕಿಗೆ ಕುಡಿದಳು. “ಇನ್ನೊಂಚೂರು ಆಕು. ಸಕ್ಕರೆ ಕಮ್ಮಿ ಆಯ್ತು,” ಎಂದಳು. ಮುದ್ದಮ್ಮ ಒಳಗೆ ಓಡಿದಳು. ಅವಳು ಅಡಿಗೆಮನೆಯಲ್ಲಿ ಸಕ್ಕರೆ ಡಬ್ಬ ಹಿಡಿದು ಸುಮ್ಮನೆ ಒಂದು ಗಳಿಗೆ ನಿಂತಿದ್ದನ್ನು ನಾಗಶ್ರೀ ಕಿಟಕಿಯಿಂದ ನೋಡಿದಳು.

ಒಂಬತ್ತೂ ಜನರ ಹಿಂದೆ ಕಬ್ಬು ಬಂದ ಮೇಲೆ ಪಟ್ಟಿ ನೂರು ಪುಟ ದಾಟಿತು. ಅಷ್ಟು ಭಾರ ಅತ್ತಿಕೊಪ್ಪಲಿನ ನೆಟ್‌ವರ್ಕು ಹೊತ್ತರೆ ಉಂಟು, ಇಲ್ಲದಿದ್ದರೆ ಮಹಾಸಭೆಯಲ್ಲಿ ಇಡೀ ಊರು ಬಿಳಿ ಪರದೆ ನೋಡಬೇಕು. ನಾಗಶ್ರೀ ಫೋಟೋಗಳನ್ನು ಹಿಂಡಿದಳು, ಮತ್ತೆ ಹಿಂಡಿದಳು, ಮುಖ ಮುಖದಂತೆ ಕಾಣುವಷ್ಟು ಉಳಿಸಿ ಎಲ್ಲರನ್ನೂ ಒಂದೇ ತೂಕಕ್ಕೆ ತಂದಳು. ತಲೆಗೆ ಐದು ಪುಟ. ನಯನ ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರ ಸಹಿ ಹಾಕಿಸಿದಳು. “ಆರು ಪುಟ ಓಯ್ತಲ್ಲವ್ವ,” ಎಂದಳು ಮುದ್ದಮ್ಮ ಮನೆಯಲ್ಲಿ. ಆಮೇಲೆ ತಾನೇ ಸಮಾಧಾನ ಮಾಡಿಕೊಂಡಳು. “ಓಗ್ಲಿ. ಆವತ್ತು ಮೊಕ ಬಂದ್ರೆ ಸಾಕು. ಬತ್ತದೆ ಅಲ್ವಾ?”

“ಬತ್ತದೆ ಕಣವ್ವ,” ಎಂದಳು ನಾಗಶ್ರೀ. ಹೇಳಿದ ಮೇಲೆ ಫೋಟೋಗಳ ತೂಕವನ್ನು ಇನ್ನೊಂದು ಸಲ ನೋಡಿದಳು.

ಮಹಾಸಭೆಯ ದಿನ ಡೇರಿ ಮುಂದೆ ಶಾಮಿಯಾನ ಎದ್ದಿತು. ವೇದಿಕೆಯ ಮೇಲೆ ಒಂಬತ್ತು ಕುರ್ಚಿ, ಪಕ್ಕದಲ್ಲಿ ಚಿಕ್ಕಬೋರಮ್ಮನ ಮನೆಯಿಂದ ತಂದ ದೊಡ್ಡ ಟಿವಿ. ಎಂಟು ಕುರ್ಚಿಗಳಲ್ಲಿ ಎಂಟು ಜನ ಕೂತರು. ಒಂಬತ್ತನೆಯದರ ಮೇಲೆ ಹಾರದ ತಟ್ಟೆಯೂ ಶಾಲುಗಳ ಕವರೂ ಕೂತವು. ಮುದ್ದಮ್ಮ ಶಾಮಿಯಾನದ ಕಂಬಕ್ಕೆ ಆತುಕೊಂಡು ಹಿಂದೆ ನಿಂತಿದ್ದಳು. “ನಾ ಇಲ್ಲೇ ಇರ್ತೀನಿ ಬುಡಿ, ಕಾಫಿ ಕೊಡಕ್ಕೆ ಸಲೀಸು,” ಎಂದಿದ್ದಳು.

ಉದ್ಘಾಟನೆಗೆ ಮುಂಚೆ ನಯನ ಒಂದು ಅವಿವೇಕ ಮಾಡಿದಳು. ಎಲ್ಲರೂ ಅವರವರ ಫೋನಿನಲ್ಲೂ ನೋಡಲಿ ಎಂದು ವೆಬ್‌ಸೈಟಿನ ವಿಳಾಸವನ್ನು ಸಂಘದ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟಳು. ಇನ್ನೂರು ಜನ ಒಟ್ಟಿಗೇ ಒತ್ತಿದರು. ಇತ್ತ ಚಿಕ್ಕಬೋರಮ್ಮ ರಿಮೋಟು ಹಿಡಿದು, ದೇವರನ್ನು ನೆನೆದು, ಗುಂಡಿ ಒತ್ತಿದಳು. ಟಿವಿ ಬೆಳ್ಳಗಾಯಿತು. ಬೆಳ್ಳಗೇ ಉಳಿಯಿತು. ಜನರ ಕೈಯ ಫೋನುಗಳೂ ಬೆಳ್ಳಗೇ ಇದ್ದವು. ಒಂದು ನಿಮಿಷವಾಯಿತು. ಹಿಂದಿನ ಸಾಲಿನಲ್ಲಿ ಯಾರೋ, “ಹಾಲಿನ ಡೇರಿ ಅಲ್ವಾ, ಹಾಲೇ ತೋರುಸ್ತಾವ್ರೆ,” ಎಂದರು. ಜನ ನಕ್ಕರು. ನಾಗಶ್ರೀಗೆ ನಗು ಬರಲಿಲ್ಲ. ಮತ್ತೊಂದು ನಿಮಿಷವಾಯಿತು.

ಚಿಕ್ಕಬೋರಮ್ಮ ಬಿಳಿ ಟಿವಿಯನ್ನು ನೋಡಿದಳು. ಸಾಲಾಗಿ ಕೂತ ನಿರ್ದೇಶಕಿಯರನ್ನು ನೋಡಿದಳು. ಒಂಬತ್ತನೆಯ ಕುರ್ಚಿಯ ಮೇಲಿನ ಹಾರದ ತಟ್ಟೆಯನ್ನು ನೋಡಿದಳು. ಅವಳ ಮುಖಕ್ಕೆ ಬೆಳಕು ಬಂತು.

“ಇನ್ನೆಲ್ಲಿ ಬಂದಾತು,” ಎಂದಳು ಮೈಕಿನಲ್ಲೇ. “ಲೇ ಮುದ್ದಮ್ಮ, ಅಲ್ಲೇನ್ ಮಾಡ್ತಿದ್ದೀಯ? ಕೊನೇರು ಹತ್ತೋ ಗಂಟ ಟ್ಯಾಕ್ಟ್ರು ಒರಡಕಿಲ್ಲ ಅಂತ ನಿನ್ ಮಗಳೇ ಏಳಿಲ್ವಾ? ನೀ ಅಲ್ಲಿ ಕಂಬ ಇಡ್ಕಂಡು ನಿಂತ್ರೆ ನಾವೆಲ್ಲಾ ಎಂಗ್ ಬರಾನ? ಬಾರಮ್ಮಿ, ಬಂದು ಕೂತ್ಕೋ.”

ನಾಗಶ್ರೀ ಬಾಯಿ ತೆರೆದಳು. ಅದು ನೆಟ್‌ವರ್ಕಿನ ತೊಂದರೆ, ಕುರ್ಚಿಗೂ ಟಿವಿಗೂ ಸಂಬಂಧವಿಲ್ಲ ಎಂದು ಹೇಳುವುದು ಅವಳ ಕೆಲಸ. ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡಳು.

ಇನ್ನೂರು ಜನ ಹಿಂದೆ ತಿರುಗಿದರು. ಮುದ್ದಮ್ಮ ಕಂಬ ಬಿಟ್ಟಳು. ಜನ ಕಾಲು ಮಡಚಿ ದಾರಿ ಮಾಡಿಕೊಟ್ಟರು. ವೇದಿಕೆಯ ಮೆಟ್ಟಿಲು ಹತ್ತಿದಳು. ಚಿಕ್ಕಬೋರಮ್ಮ ತಾನೇ ತಟ್ಟೆ ಎತ್ತಿ ಬೆಳ್ಳಮ್ಮನ ತೊಡೆಯ ಮೇಲಿಟ್ಟು, ಶಾಲಿನ ಕವರನ್ನು ನೆಲಕ್ಕೆ ಇಳಿಸಿದಳು. ಮುದ್ದಮ್ಮ ಕುರ್ಚಿಯ ತುದಿಯಲ್ಲಿ ಕೂತಳು. “ಸರ್ಯಾಗ್ ಕೂತ್ಕೋ, ಅರ್ಧ ಹತ್ತಿದ್ರೆ ಅರ್ಧ ಬತ್ತದೆ,” ಎಂದು ಚಿಕ್ಕಬೋರಮ್ಮ ಗದರಿದಳು. ಮುದ್ದಮ್ಮ ಹಿಂದಕ್ಕೆ ಸರಿದು ಬೆನ್ನು ಒರಗಿಸಿ ಕೂತಳು.

ಟಿವಿಯಲ್ಲಿ ಒಂಬತ್ತು ಜನ ಒಟ್ಟಿಗೇ ಬಂದರು.

ಒಬ್ಬರು ಮೊದಲಲ್ಲ, ಒಬ್ಬರು ಕೊನೆಯಲ್ಲ. ಒಂದೇ ಕಬ್ಬು, ಒಂದೇ ಬಿಸಿಲು, ಒಂಬತ್ತು ಮುಖ. ಸೋಮಮ್ಮನ ಪಕ್ಕದಲ್ಲಿ ಹಸುವಿನ ಅರ್ಧ ಕೊಂಬೂ ಬಂದಿತ್ತು. ಶಾಮಿಯಾನದಲ್ಲಿ ಎದ್ದ ಚಪ್ಪಾಳೆಗೆ ನಾಲೆ ಮೇಲಿನ ಕೊಕ್ಕರೆಗಳು ಹಾರಿಹೋದವು. “ನಾನ್ ಏಳ್ಲಿಲ್ವಾ,” ಎಂದು ಚಿಕ್ಕಬೋರಮ್ಮ ಮೈಕಿನಲ್ಲಿ ಮೂರು ಸಲ ಹೇಳಿದಳು. ನಾಗಶ್ರೀಗೆ ಆಗ ನಗು ಹತ್ತಿತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ನಗುತ್ತಲೇ ಇದ್ದಳು, ಬಿಕ್ಕಳಿಕೆ ಯಾವುದು ಅಳು ಯಾವುದು ಎಂದು ಅವಳಿಗೇ ಗೊತ್ತಾಗಲಿಲ್ಲ. ಮುದ್ದಮ್ಮ ಟಿವಿಯಲ್ಲಿ ತನ್ನ ಹಣೆ, ತನ್ನ ಮೂಗು, ತನ್ನ ಎರಡೂ ಕಿವಿ ಇರುವುದನ್ನು ನೋಡಿಕೊಂಡಳು. ವೇದಿಕೆಯ ಕೆಳಗೆ ನಿಂತಿದ್ದ ಮಗಳ ಕಡೆ ಬಗ್ಗಿ, “ಇನ್ನೊಂದ್ಸಲ ಆಕವ್ವ,” ಎಂದಳು. ನಾಗಶ್ರೀ ಹಾಕಿದಳು. ಆ ದಿನ ಅವ್ವ ಕೇಳಿದಷ್ಟು ಸಲವೂ ಹಾಕಿದಳು.

ಇದಾಗಿ ವರ್ಷವಾಯಿತು. ಸಂಘದ ಯಾವ ಸಭೆಯೇ ಇರಲಿ, ಟಿವಿ ಇರಲಿ ಇಲ್ಲದಿರಲಿ, ಮುದ್ದಮ್ಮ ಬಂದು ಬೆನ್ನು ಒರಗಿಸಿ ಕೂರುವವರೆಗೆ ಚಿಕ್ಕಬೋರಮ್ಮ ಶುರು ಮಾಡುವುದಿಲ್ಲ. ಶುರು ಮಾಡಿದರೆ ಏನೂ ಬರುವುದಿಲ್ಲ ಎಂದು ಅವಳು ಗಟ್ಟಿಯಾಗಿ ನಂಬಿದ್ದಾಳೆ. ನಾಗಶ್ರೀ ಈವರೆಗೂ ಆ ತಪ್ಪನ್ನು ತಿದ್ದಿಲ್ಲ.